ಖಾಲಿ ಎಂದು ನಾನೇ ಬರೆದುಕೊಟ್ಟ ಕಾವಲಿ

ದೇಶದ ಜೀವವೈವಿಧ್ಯವನ್ನು ಉಳಿಸುವ ಮಹತ್ಕಾರ್ಯದಲ್ಲಿ ನನ್ನದೂ ಒಂದು ಪಾಲಿದೆ. ಅದಕ್ಕಾಗಿ ಯಾರೂ ಹಾರ ಹಾಕಲಿಲ್ಲ, ಹಾಕುವ ಸಂಭವವೂ ಇಲ್ಲ. ಆದರೆ ದಾಖಲೆಯಲ್ಲಿ ನನ್ನ ಅಕ್ಷರವಿದೆ, ಕೆಳಗೆ ನನ್ನ ಸಹಿಯಿದೆ. ಮುಂದೆ ಯಾರಾದರೂ ಆ ಕಡತ ತೆರೆದರೆ, ನಮ್ಮೂರ ಬೀರಪ್ಪನ ಕಾವಲಿಯನ್ನು ‘ಖಾಲಿ’ ಎಂದು ಪ್ರಮಾಣೀಕರಿಸಿದ ಮಹನೀಯ ಯಾರೆಂದು ಅವರಿಗೆ ಕೂಡಲೇ ತಿಳಿಯುತ್ತದೆ.

ನಮ್ಮೂರು ತೆಲುಗು ಸೀಮೆಯ ಮಕ್ತಲ್‌ನಿಂದ ಕೃಷ್ಣಾ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿದೆ. ನಾನು ಗಿರ್ದಾವರ್ ಆಗಿದ್ದವನು. ಹೊಲದ ಗಡಿ ನೋಡುವುದು, ಬೆಳೆ ನೋಡುವುದು, ನೋಡಿದ್ದನ್ನು ಬರೆಯುವುದು ಗಿರ್ದಾವರನ ಕೆಲಸ. ನಿಜಾಮರ ರಾಜ್ಯ ಹೋಗಿ ಎಷ್ಟೋ ಕಾಲವಾಯಿತು. ಸರ್ಕಾರ ಆ ಹುದ್ದೆಗೆ ಹೊಸ ಹೊಸ ಹೆಸರಿಟ್ಟಿತು. ಊರವರು ಮಾತ್ರ ಒಂದನ್ನೂ ಬಾಯಿಪಾಠ ಮಾಡಲಿಲ್ಲ. ನಿವೃತ್ತಿಯಾದ ಮೇಲೂ ನಾನು ಅವರಿಗೆ ‘ಗಿರ್ದಾವರ್ ಸಾಬ್ರು’. ಪಂಚನಾಮೆ ಬರೆಯುವುದಿದ್ದರೆ ಈಗಲೂ ನನ್ನನ್ನೇ ಕರೆಯುತ್ತಾರೆ. ನನ್ನ ಅಕ್ಷರ ಚೆನ್ನಾಗಿದೆ, ಇದು ನಾನು ಹೇಳುವ ಮಾತಲ್ಲ. ಆ ಅಕ್ಷರದಿಂದ ಆದ ಅನಾಹುತವನ್ನು ಮಾತ್ರ ನಾನೇ ಹೇಳಬೇಕಾಗಿದೆ.

ಊರಿನ ಬಡಗಣ ದಿಕ್ಕಿಗೆ ಒಂದು ದೊಡ್ಡ ಹುಲ್ಲುಗಾವಲಿದೆ. ಅದು ಕುರಿಗಾರರ ದೇವರಾದ ಬೀರಪ್ಪನ ಕಾವಲಿ. ಮರ ಇಲ್ಲ, ನೆರಳಿಲ್ಲ, ನೋಡಲು ಬಂದವರು ಫೋಟೋ ತೆಗೆಸಿಕೊಳ್ಳುವಂಥ ಯಾವ ಚೆಲುವೂ ಇಲ್ಲ. ಮಿರ್ಗದ, ಅಂದರೆ ಮೃಗಶಿರೆಯ, ಮಳೆ ಬಿದ್ದ ದಿನ ಕುರಿಗಾರರ ಹಿರಿಯರು ಅದರ ನಾಲ್ಕೂ ಮೂಲೆಗೆ ಹೋಗಿ ಭಂಡಾರ ತೂರುತ್ತಾರೆ. ಆ ಅರಿಶಿನ ಬಿದ್ದ ಗಳಿಗೆಯಿಂದ ದೀಪಾವಳಿ ಪಾಡ್ಯದವರೆಗೆ ಒಂದು ಕುರಿಯೂ ಒಳಗೆ ಹೋಗುವಂತಿಲ್ಲ. ಹುಲ್ಲು ಬೆಳೆದು ಕಾಳು ಉದುರಿಸಬೇಕು, ಗೌಜಲಕ್ಕಿ ಮರಿ ಮಾಡಬೇಕು, ಚಿಗರಿ ತನ್ನ ಮರಿಯನ್ನು ಹುಲ್ಲಿನೊಳಗೆ ಬಚ್ಚಿಡಬೇಕು. ಪುಸ್ತಕದಲ್ಲಿ ಕೃಷ್ಣಮೃಗ ಎನ್ನುತ್ತಾರಲ್ಲ, ಅದೇ ನಮ್ಮ ಚಿಗರಿ. ಪಾಡ್ಯದ ದಿನ ಕಾವಲಿ ಬಿಚ್ಚುತ್ತದೆ. ಅಲ್ಲಿಂದ ಯುಗಾದಿಯ ತನಕ ಊರ ಕುರಿಗಳೆಲ್ಲ ಅಲ್ಲಿಯೇ. ಯಾರದಾದರೂ ಕುರಿ ಮಳೆಗಾಲದಲ್ಲಿ ತಪ್ಪಿ ಒಳಗೆ ನುಗ್ಗಿದರೆ ಅವನು ದೇವರಿಗೆ ಒಂದು ಕಂಬಳಿ ಕೊಡಬೇಕು, ಹಿರಿಯರೆಲ್ಲ ಸೇರಿ ಬೈಯುವುದನ್ನು ಅರ್ಧ ದಿನ ಕೂತು ಕೇಳಬೇಕು. ಕಂಬಳಿ ಕೊಟ್ಟವರು ಮತ್ತೆ ತಪ್ಪು ಮಾಡಿದ್ದುಂಟು. ಬೈಗುಳ ಕೇಳಿದವರು ಮಾಡಿಲ್ಲ.

ಈ ಹಿರಿಯರಲ್ಲಿ ಮೊದಲನೆಯವನು ನನ್ನ ಸೋದರಮಾವ. ಎಪ್ಪತ್ತು ದಾಟಿದ್ದಾನೆ, ಕುರಿಯ ಹಿಂದೆ ನಡೆದು ನಡೆದು ಒಣಗಿದ ತೊಗರಿ ಕಟ್ಟಿಗೆಯ ಹಾಗಾಗಿದ್ದಾನೆ. ಓದು ಬಾರದು. ಆದರೆ ಹುಲ್ಲಿನಲ್ಲಿ ಅವನು ನೋಡಿದ್ದರ ಕಾಲು ಭಾಗವನ್ನೂ ನಾನು ಕಾಗದದಲ್ಲಿ ನೋಡಿಲ್ಲ.

ಒಂದು ಶ್ರಾವಣದಲ್ಲಿ ಯೋಜನೆಯ ಸಾಹೇಬರು ಬಂದರು. ಯಾವ ಯೋಜನೆ, ಯಾವ ಇಲಾಖೆ ಎಂದು ನಾನು ಹೇಳುವುದಿಲ್ಲ. ನನಗೆ ಪಿಂಚಣಿ ಬರುತ್ತದೆ, ಅದು ಬರುತ್ತಲೇ ಇರಲಿ ಎಂಬ ಆಸೆಯೂ ಇದೆ. ಸಾಹೇಬರು ಇನ್ನೂ ಮದುವೆಯಾಗದ, ತೆಳ್ಳಗಿನ, ಒಳ್ಳೆಯ ಮನುಷ್ಯ. ಕೊರಳಲ್ಲಿ ದುರ್ಬೀನು. ಕಾವಲಿಯ ಅಂಚಿನಲ್ಲಿ ನಿಂತು ಮೊಣಕಾಲೆತ್ತರದ ಹುಲ್ಲನ್ನೂ ದೂರದಲ್ಲಿ ಕೊರಳೆತ್ತಿ ನಿಂತ ಚಿಗರಿಗಳನ್ನೂ ನೋಡಿದಾಗ ಅವರ ಕಣ್ಣಲ್ಲಿ ನೀರು ಬಂದದ್ದು ನಿಜ. ಇಷ್ಟು ಚೆನ್ನಾಗಿ ಉಳಿದ ಜಾಗವನ್ನು ಇನ್ನು ಮೇಲೆ ಉಳಿಸಬೇಕು ಎಂದು ಅವರು ತೀರ್ಮಾನಿಸಿದರು. ಉಳಿಸಲು ಒಂದು ನಮೂನೆ ತುಂಬಬೇಕಾಗಿತ್ತು. ತುಂಬಲು ನನ್ನನ್ನು ಕರೆದರು.

ಮಾತೆಲ್ಲ ತೆಲುಗಿನಲ್ಲಿ ನಡೆಯಿತು. ನಮಗೆ ತೆಲುಗು, ಕನ್ನಡ ಎರಡೂ ಮನೆಯ ಮಾತೇ. ನಾನು ಬೇವಿನ ಕಟ್ಟೆಯ ಮೇಲೆ ಕಾಗದ ಹರಡಿ ಕೂತೆ. ಮಾವನೂ ಇನ್ನಿಬ್ಬರು ಹಿರಿಯರೂ ಎದುರಿಗೆ ಕೂತರು.

“ಇಲ್ಲಿ ಕುರಿ ಮೇಯಿಸುತ್ತೀರಾ?” ಎಂದು ಸಾಹೇಬರು ಕೇಳಿದರು.

ಶ್ರಾವಣದಲ್ಲಿ ಬೀರಪ್ಪನ ಭಕ್ತನನ್ನು ಈ ಪ್ರಶ್ನೆ ಕೇಳುವುದೆಂದರೆ, ಗುಡಿಯ ಪೂಜಾರಿಯನ್ನು ‘ಹುಂಡಿ ಒಡೆದೆಯಾ’ ಎಂದು ಕೇಳಿದ ಹಾಗೆ. ಮೂವರೂ ಒಟ್ಟಿಗೆ ಎದ್ದು ನಿಂತರು.

“ಛೇ ಛೇ! ಏನ್ ಮಾತಾಡ್ತೀರ್ರೀ! ಒಂದು ಕುರಿ ಗೊರಸಿನ ಗುರುತು ತೋರಿಸ್ರಿ ನೋಡೋಣು” ಎಂದ ಮಾವ.

“ಕುರಿ ಮಾತು ಒತ್ತಟ್ಟಿಗಿರ್ಲಿ, ನಾವಾ ಕಾಲಿಡಂಗಿಲ್ರಿ” ಎಂದ ಎರಡನೆಯವನು.

“ಹುಲ್ಲು ಕೊಯ್ಯುವುದು?”

“ಕುಡುಗೋಲು ಹಿಡಕೊಂಡು ಆ ಕಡೆ ಮಾರಿ ಮಾಡಂಗಿಲ್ರಿ.”

“ಎಷ್ಟು ಕಾಲದಿಂದ ಹೀಗಿದೆ?”

“ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ” ಎಂದ ಮೂರನೆಯವನು. ಮೂವರಲ್ಲಿ ಅತಿ ಕಡಿಮೆ ಮಾತಿನವನು ಅವನು. ಅಂದು ಅವನಿಗೂ ಹುರುಪು ಬಂದಿತ್ತು.

ಸಾಹೇಬರ ಮುಖ ಅರಳಿತು. ಒಂದೊಂದೂ ಸತ್ಯವಾದ ಮಾತು. ಎಲ್ಲ ಸೇರಿ ಒಂದು ದೊಡ್ಡ ಸುಳ್ಳಾಗುತ್ತಿವೆ ಎಂಬುದು ಅಲ್ಲಿ ಒಬ್ಬನಿಗೆ ಹೊಳೆಯಬಹುದಾಗಿತ್ತು. ಆ ಒಬ್ಬ ನಾನು. ಆದರೆ ನಮೂನೆಯಲ್ಲಿದ್ದ ಖಾನೆ ‘ಪ್ರಸ್ತುತ ಬಳಕೆ’. ಆ ದಿನ ಸ್ಥಳದಲ್ಲಿ ಏನು ಕಂಡಿತೋ ಅದನ್ನೇ ಬರೆಯಬೇಕು, ಹಿಂದಿನದು ಮುಂದಿನದು ಸೇರಿಸಬಾರದು ಎಂದು ನನ್ನ ಮೇಲಿನವರು ನನಗೆ ಕಲಿಸಿದ್ದರು. ನಾನು ನನ್ನ ಕೆಳಗಿನವರಿಗೂ ಅದನ್ನೇ ಕಲಿಸಿದ್ದೆ. ಆ ದಿನ ಸ್ಥಳದಲ್ಲಿ ಕುರಿ ಇರಲಿಲ್ಲ, ಕುರುಬರಿರಲಿಲ್ಲ. ‘ಯಾವ ಬಳಕೆಯೂ ಇಲ್ಲ, ಖಾಲಿ’ ಎಂದು ಗುಂಡಗಿನ ಅಕ್ಷರದಲ್ಲಿ ಬರೆದೆ. ಅಡಿಗೆರೆಯನ್ನೂ ಎಳೆದೆ. ಅದನ್ನು ಯಾರೂ ಕೇಳಿರಲಿಲ್ಲ.

ಹಿರಿಯರು ಹೆಬ್ಬೆಟ್ಟು ಒತ್ತಿದರು. ಮಾವ ಊರೊಳಗೆ ಹೋಗಿ ಹೇಳಿದ್ದು ಇದು: “ಕಾವಲಿ ಕೆಟ್ಟಿಲ್ಲ, ಬೀರಪ್ಪನ ನೇಮ ಮುರಿದಿಲ್ಲ ಅಂತ ಸರ್ಕಾರದವ್ರು ಬಂದು ಬರಕೊಂಡು ಹೋದ್ರು.” ದೇವರ ಮುಂದೆ ಆ ದಿನ ಕಾಯಿಯೂ ಒಡೆಯಿತು. ಕೊಬ್ಬರಿಯ ಒಂದು ಚೂರು ನನ್ನ ಪಾಲಿಗೂ ಬಂತು, ನಾನು ತಿಂದೆ.

ಸರ್ಕಾರದ ಕೆಲಸ ನಿಧಾನ ಎನ್ನುವವರು ನಮ್ಮೂರಿಗೆ ಬರಬೇಕು. ದಸರೆಯೊಳಗೆ ಕಂದಕ ತೋಡಿಯಾಯಿತು, ಎರಡು ಕಡೆ ಮುಳ್ಳುತಂತಿ, ಒಂದು ಕಡೆ ಗೇಟು, ಗೇಟಿಗೆ ಬೀಗ. ನಾರಾಯಣಪೇಟೆಯಿಂದ ಬಂದ ಪೇಂಟರ್ ಹಸಿರು ಫಲಕದ ಮೇಲೆ ಒಂದು ಚಿಗರಿಯ ಚಿತ್ರ ಬರೆದ. ಅವನು ಚಿಗರಿ ನೋಡಿರಲಿಲ್ಲ, ಫಲಕದ ಎದುರಿಗೇ ಮೂವತ್ತು ಹೆಜ್ಜೆ ದೂರದಲ್ಲಿ ನಿಂತದ್ದನ್ನೂ ತಿರುಗಿ ನೋಡಲಿಲ್ಲ. ತನಗೆ ಬರುತ್ತಿದ್ದ ಜಿಂಕೆಯನ್ನೇ ಬರೆದು ಮೈ ತುಂಬ ಬಿಳಿ ಚುಕ್ಕೆ ಇಟ್ಟುಹೋದ.

ಪಾಡ್ಯದ ಬೆಳಿಗ್ಗೆ ಕುರಿಗಳ ಕೊಂಬಿಗೆ ಕೆಮ್ಮಣ್ಣು ಹಚ್ಚಿ, ಡೊಳ್ಳು ಬಾರಿಸುತ್ತ ಊರಿನ ಹಿಂಡೆಲ್ಲ ಕಾವಲಿಯ ಬಾಯಿಗೆ ಬಂತು. ಬಾಯಿಗೆ ಬೀಗ. ಡೊಳ್ಳಿನವನು ಸ್ವಲ್ಪ ಹೊತ್ತು ಬಾರಿಸಿದ, ಆಮೇಲೆ ಅವನಿಗೇ ನಾಚಿಕೆಯಾಗಿ ಬಿಟ್ಟ.

ಮಾವ ಫಲಕದ ಎದುರು ನಿಂತು ಕೇಳಿದ: “ಅಳಿಯಾ, ಇದ್ಯಾವ ಪ್ರಾಣಿನೋ?”

“ಚಿಗರಿ, ಮಾವ.”

“ಸಿಡುಬು ಎದ್ದೈತೇನು ಅದಕ್ಕ?”

“ಪೇಂಟರ್‌ನ ಕೈವಾಡ.”

“ಏನ್ ಬರ್ದಾರ ಕೆಳಗ?”

“ಸಂರಕ್ಷಿತ ಪ್ರದೇಶ, ಒಳಗೆ ಪ್ರವೇಶ ಇಲ್ಲ ಅಂತ.”

“ಯಾರಿಗೆ?”

“ಎಲ್ಲಾರಿಗೂ.”

“ಬೀರಪ್ಪಗೂ?”

ಆ ವಿಷಯದಲ್ಲಿ ಫಲಕ ಮೌನವಾಗಿತ್ತು.

ಸಾಹೇಬರಿಗೆ ಫೋನು ಹೋಯಿತು, ಅವರು ಬಂದರು. ಕುರಿಗಳನ್ನು ನೋಡಿ ನಿಜವಾಗಿಯೂ ಬೆಚ್ಚಿದರು. “ನೀವೇ ಹೇಳಿದಿರಲ್ಲ, ಮುತ್ತಾತನ ಕಾಲದಿಂದ ಕಾಲಿಟ್ಟಿಲ್ಲ ಎಂದು!” ಎಂದು ಪಂಚನಾಮೆಯ ನಕಲು ತೆಗೆದರು. ನನ್ನ ಅಕ್ಷರ ಎಲ್ಲರ ಕೈಯಲ್ಲಿ ಸುತ್ತಾಡಿತು. ಓದು ಬಲ್ಲ ಒಬ್ಬ ಗುಂಪಿನೊಳಗಿಂದ, “ಅಕ್ಷರ ಮಾತ್ರ ಮುತ್ತಿನಂಗ ಅದಾವ್ರಿ ಸಾಬ್ರ” ಎಂದ. ನೌಕರಿಯಲ್ಲಿ ನನಗೆ ಸಿಕ್ಕ ಪ್ರಶಂಸಾಪತ್ರಗಳೆಲ್ಲ ಅಂದು ಒಟ್ಟಿಗೆ ಸುಟ್ಟುಹೋದವು.

ಮಾವ ಬೈಯಲಿಲ್ಲ. ಬೈದಿದ್ದರೆ ಅರ್ಧ ದಿನದಲ್ಲಿ ಮುಗಿದುಹೋಗುತ್ತಿತ್ತು. “ನೀ ಬರೆದದ್ದೂ ಸುಳ್ಳಲ್ಲ, ನಾ ಹೇಳಿದ್ದೂ ಸುಳ್ಳಲ್ಲ. ಮತ್ತ ಈ ಬೀಗ ಎಲ್ಲಿಂದ ಬಂತೋ ಅಳಿಯಾ?” ಎಂದು ಕೇಳಿ, ಕುರಿಗಳನ್ನು ಹಿಂದಕ್ಕೆ ತಿರುಗಿಸಿದ.

ಆ ಚಳಿಗಾಲ ಅವನು ಹಿಂಡು ಹೊಡೆದುಕೊಂಡು ಹೊಳೆ ದಾಟಿ ಗದ್ವಾಲ ಸೀಮೆಗೆ ಹೋದ. ಮೊದಲೆಲ್ಲ ಆ ಕಡೆಯ ರೈತರು ಕರೆದು ಕರೆದು ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿಕೊಳ್ಳುತ್ತಿದ್ದರು, ಗೊಬ್ಬರ ಸಿಗುತ್ತದೆಂದು. ಈಗ ಇಟಿಕ್ಯಾಲದ ಸುತ್ತ ನೀರು ಬಂದಲ್ಲೆಲ್ಲ ಬೆಳೆಯ ಮೇಲೆ ಬೆಳೆ, ಖಾಲಿ ಬಿದ್ದ ಹೊಲವೆಂಬುದಿಲ್ಲ. ಹುಳಕ್ಕೆಂದು ವಿಷದ ಎಣ್ಣೆ ಹೊಡೆದ ಹತ್ತಿಯ ಎಲೆ ತಿಂದು ಏಳು ಕುರಿ ಅಲ್ಲಿಯೇ ಮಲಗಿದವು. ವೈಶಾಖದಲ್ಲಿ ಅವನು ತಿರುಗಿ ಬಂದಾಗ ಅವನ ಒಂದು ಕಾಲು ಊದಿತ್ತು. ಹಟ್ಟಿಯ ಮುಂದೆ ಕೂತು ಹೇಳಿದ: “ಬರೋ ಪಾಡ್ಯಕ್ಕೂ ಕಾವಲಿ ಬಿಚ್ಚಲಿಲ್ಲಂದ್ರ ಎಲ್ಲಾ ಮಾರಿಬಿಡ್ತೀನಿ. ಇನ್ನೊಮ್ಮೆ ಹೊಳಿ ದಾಟಾಕ ನನ್ನ ಕೈಲಿ ಆಗಂಗಿಲ್ಲ.” ಕುರಿ ಇಲ್ಲದ ಮಾವನನ್ನು ನಾನು ನೋಡಿದವನಲ್ಲ. ಅವನೂ ತನ್ನನ್ನು ಹಾಗೆ ನೋಡಿಕೊಂಡವನಲ್ಲ.

ಮಾವ ಹೊಳೆಯಾಚೆ ಇದ್ದ ಆ ತಿಂಗಳುಗಳಲ್ಲಿ ಇತ್ತ ಸಂರಕ್ಷಣೆಯ ಕಾರ್ಯ ಭರದಿಂದ ಸಾಗಿತ್ತು. ಬಯಲನ್ನು ಬಯಲಾಗಿಯೇ ಬಿಡುವುದು ಶೋಭೆಯಲ್ಲವೆಂದು ಸಸಿ ನೆಟ್ಟರು. ಸಸಿಗಳು ಒಣಗಿದವು, ಅವುಗಳ ಗುಂಡಿಯಲ್ಲಿ ಸರ್ಕಾರಿ ಜಾಲಿ ಎದ್ದಿತು. ಅದರ ಮುಳ್ಳು ಕುರಿಯ ಗೊರಸಿಗೆ ಚುಚ್ಚುತ್ತದೆಂದು ಕುರಿಗಾರರು ಪ್ರತಿ ವರ್ಷ ಮೊಳಕೆಯಲ್ಲೇ ಕಿತ್ತೆಸೆಯುತ್ತಿದ್ದರು. ಈಗ ಕೀಳುವವರಿಲ್ಲ, ಕಿತ್ತರೆ ಅಪರಾಧ. ಮೇಯುವ ಬಾಯಿಲ್ಲದೆ ಹುಲ್ಲು ಎದೆಯುದ್ದ ಬೆಳೆದು ಒಣಗಿ ಮಲಗಿತು. ಚಿಗರಿ ಕಣ್ಣಿನಿಂದ ಬದುಕುವ ಪ್ರಾಣಿ. ನಾಯಿ ಬಂದರೆ ದೂರದಿಂದಲೇ ಕಾಣಬೇಕು, ಕಂಡರೆ ಓಡಬೇಕು. ಕಣ್ಣಿಗೆ ಅಡ್ಡವಾಗುವ ಹುಲ್ಲಿನಲ್ಲಿ ಅದು ಮಳೆಗಾಲದ ನಂತರ ನಿಲ್ಲುವುದಿಲ್ಲ. ಒಂದು ಬೆಳಿಗ್ಗೆ ಸಂರಕ್ಷಿತ ಪ್ರಾಣಿಗಳೆಲ್ಲ ಸಂರಕ್ಷಿತ ಪ್ರದೇಶದ ಕಂದಕ ಹಾರಿ ನನ್ನ ಕಡಲೆ ಹೊಲಕ್ಕೆ ಬಂದವು. ನ್ಯಾಯವಾಗಿಯೇ ಬಂದವು. ಊರಲ್ಲಿ ಅಷ್ಟೊಂದು ಹೊಲಗಳಿರುವಾಗ ಪಂಚನಾಮೆ ಬರೆದವನ ಹೊಲ ಯಾವುದೆಂದು ಅವುಗಳಿಗೆ ಹೇಗೆ ತಿಳಿಯಿತೋ ಕಾಣೆ.

ಸಾಹೇಬರು ಗೇಟಿನೊಳಗೆ ನಿಂತು ದುರ್ಬೀನಿನಿಂದ ಜಾಲಿಯ ಪೊದೆಗಳನ್ನು ನೋಡುತ್ತಿದ್ದರು. ನಾನು ಹೊರಗಿನಿಂದ ಕೂಗಿದೆ: “ಸಾರ್, ಸ್ವಲ್ಪ ಹಿಂದಕ್ಕೆ ತಿರುಗಿ ನೋಡ್ರಿ. ಚಿಗರಿ ಇಲ್ಲಿ ನಾಷ್ಟಾ ಮಾಡಾಕತ್ಯಾವ.”

ಅವರು ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. ಆ ಮನುಷ್ಯನ ಒಳ್ಳೆಯತನ ಅಂದು ಕಂಡಿತು. ಬೇರೆ ಯಾರಾದರೂ ಆಗಿದ್ದರೆ ಚಿಗರಿಗಳಿಗೆ ನೋಟೀಸು ಕೊಡುತ್ತಿದ್ದರು. ಅವರು ಹೊರಗೆ ಬಂದು, ನನ್ನ ಬದುವಿನ ಮೇಲೆ ಕೂತು, “ಕುರಿಗಳು ಹೋದದ್ದಕ್ಕೆ ಇವು ಬಂದವೇ?” ಎಂದು ಕೇಳಿದರು. ನಾನು ಭಂಡಾರದಿಂದ ಹಿಡಿದು ಯುಗಾದಿಯ ತನಕ ಎಲ್ಲ ಹೇಳಿದೆ. ಶ್ರಾವಣದಲ್ಲಿ ಹೇಳಬೇಕಾದದ್ದನ್ನು ಮಾಘದಲ್ಲಿ ಹೇಳಿದೆ. ಒಬ್ಬ ಗಿರ್ದಾವರನ ಮಟ್ಟಿಗೆ ಅದು ವಿಳಂಬವೇ ಅಲ್ಲ.

ಅರ್ಜಿ ಬರೆದೆವು. ‘ಬೀರಪ್ಪನ ಕುರಿಗಳು’ ಎಂದು ಬರೆದರೆ ಮೇಲಿನವರು ಒಪ್ಪುವುದಿಲ್ಲವೆಂದು ಸಾಹೇಬರು ‘ಒಣಹುಲ್ಲಿನ ನಿಯಂತ್ರಣಕ್ಕಾಗಿ ಸಣ್ಣ ಜಾನುವಾರುಗಳ ಪ್ರಾಯೋಗಿಕ ಪ್ರವೇಶ’ ಎಂದು ಬರೆಸಿದರು. ಮಾವ ತಿರುಗಿ ಬಂದ ಮೇಲೆ ಅವನಿಗೆ ಓದಿ ಹೇಳಿದೆ. “ಇದರಾಗ ನಮ್ಮ ಕುರಿ ಎಲ್ಲೈತಿ?” ಎಂದ. “ಸಣ್ಣ ಜಾನುವಾರು ಅಂದ್ರ ಅವಾ” ಎಂದೆ. “ಸಣ್ಣವಾ? ನನ್ನ ಟಗರು ನೋಡ್ಯಾರೇನು ಅವ್ರು?” ಎಂದು ಸಿಟ್ಟಾದ.

ಆ ಅರ್ಜಿಯ ಹಿಂದೆ ನಾನು ನಾರಾಯಣಪೇಟೆಯ ಬಸ್ಸು ಹತ್ತಿದ್ದಕ್ಕೆ ಲೆಕ್ಕವಿಲ್ಲ. ಮೂವತ್ತು ವರ್ಷ ಜನರಿಗೆ ‘ನಾಳೆ ಬಾ’ ಎಂದವನಿಗೆ ಕಚೇರಿಯವರಿಂದ ಹಾಗೆ ಹೇಳಿಸಿಕೊಳ್ಳುವ ಭಾಗ್ಯ ಒದಗಿತು. ಅವರು ನನ್ನಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಕಡೆಗೆ ಆಷಾಢದಲ್ಲಿ ಅಪ್ಪಣೆ ಬಂತು. ಸಾಹೇಬರು ತಾವೇ ಜೀಪಿನಲ್ಲಿ ತಂದರು, ಪೇಡೆಯ ಪೊಟ್ಟಣವನ್ನೂ ತಂದರು. ಕುರಿಗಳಿಗೆ ಮೂರು ತಿಂಗಳ ಪ್ರವೇಶ, ಆದೇಶ ಹೊರಟ ದಿನದಿಂದ.

ಮಾವ ಆಗ ತಾನೇ ಕಾವಲಿಯ ಸುತ್ತ ಹೋಗಿಬಂದಿದ್ದ. ಮಿರ್ಗ ಬಿದ್ದು ಹದಿನೈದು ದಿನವಾಗಿತ್ತು. ಒಳಗೆ ಬಿಡದಿದ್ದರೇನು, ಮಳೆ ಬಿದ್ದ ದಿನವೇ ತಂತಿಯ ಹೊರಗಿನಿಂದ ನಾಲ್ಕೂ ಮೂಲೆಗೆ ಭಂಡಾರ ತೂರಿದ್ದ.

“ಗೇಟು ತೆರೆಸಲೇ?” ಎಂದರು ಸಾಹೇಬರು, ಬೀಗದ ಕೈ ಹಿಡಿದು.

“ಈಗ?” ಎಂದ ಮಾವ.

“ಈಗಲೇ. ಇವತ್ತೇ.”

“ಈಗ ಬರಂಗಿಲ್ರಿ. ಈಗ ಕಾವಲಿ ಮುಚ್ಚೈತಿ.”

“ಮುಚ್ಚಿಲ್ಲ, ತೆರೆಯಲು ಆದೇಶ ಬಂದಿದೆ!”

“ನಿಮ್ಮದು ತೆರೆದಿರಬೇಕು. ನಮ್ಮದು ಮುಚ್ಚೈತಿ.”

ಸಾಹೇಬರು ನನ್ನ ಮುಖ ನೋಡಿದರು. ನಾನು ಆದೇಶದ ತಾರೀಖನ್ನು ನೋಡಿದೆ. ಅದರ ಅವಧಿ ದಸರೆಗೆ ಮುಂಚೆಯೇ ತೀರುತ್ತಿತ್ತು. ವರ್ಷದ ಹನ್ನೆರಡು ತಿಂಗಳಲ್ಲಿ ಬೇಡವಾದ ಮೂರನ್ನೇ ಹೆಕ್ಕಿ ಕೊಡಬೇಕಾದರೆ ಬಹಳ ಅನುಭವ ಬೇಕು.

“ಅಜ್ಜಾ,” ಎಂದು ಸಾಹೇಬರು ಕೈ ಮುಗಿಯುವುದೊಂದು ಬಾಕಿ, “ಇದನ್ನು ಬಿಟ್ಟರೆ ಮತ್ತೆ ಸಿಗುವುದಿಲ್ಲ. ಯಾರೂ ಬರಲಿಲ್ಲ ಎಂದು ನಾನು ಬರೆಯಬೇಕಾಗುತ್ತದೆ. ಹತ್ತು ಕುರಿಯನ್ನಾದರೂ ಒಂದು ದಿನದ ಮಟ್ಟಿಗೆ ಬಿಡು.”

“ಚಿಗರಿ ಈಯೋ ಕಾಲ ಇದು. ಮರಿ ಹುಲ್ಲಾಗ ಮಲಗಿರ್ತಾವ. ಕುರಿ ಹೋದ್ರ ಹಿಂದ ನಾಯಿ ಹೋಗ್ತಾವ. ಹತ್ತು ಹೋದ್ರೇನು, ನೂರು ಹೋದ್ರೇನು?” ಎಂದ ಮಾವ. ಆಮೇಲೆ ತುಸು ಮೆತ್ತಗಾಗಿ, “ನೀವು ಚಿಗರಿ ಕಾಯಾಕ ಬಂದವ್ರು. ನಿಮಗ ನಾ ಇದನ್ನ ಹೇಳಬೇಕೇನ್ರಿ?” ಎಂದ.

ಮಾರಬೇಕಾದ ಕುರಿಗಳು ಅವನ ಹಿಂದೆಯೇ ನಿಂತಿದ್ದವು. ಸುತ್ತ ಮೇಯಲು ಏನೂ ಇರಲಿಲ್ಲ. ಗೇಟಿನ ಆಚೆ ಹೊಸ ಹುಲ್ಲು ಚಿಗುರಿತ್ತು. ಅವನ ಟಗರಿಗೆ ಅದು ಕಾಣುತ್ತಿತ್ತು. ಕೊಂಬಿನಿಂದ ಗೇಟನ್ನು ಒಮ್ಮೆ ದೂಡಿಯೂ ನೋಡಿತು. ಮಾವ ಅದರ ಕಿವಿ ಹಿಡಿದು ಎಳೆದುಕೊಂಡ.

ಸಾಹೇಬರು ಜೀಪಿನ ಮೂತಿಯ ಮೇಲೆ ಕಾಗದ ಇಟ್ಟು, ‘ಸ್ಥಳೀಯರು ಆಸಕ್ತಿ ತೋರಲಿಲ್ಲ’ ಎಂದು ಬರೆದು ಸಾಕ್ಷಿಗೆ ಸಹಿ ಮಾಡಲು ನನ್ನ ಮುಂದೆ ಹಿಡಿದರು. ಅದೂ ಸತ್ಯವೇ. ಆ ದಿನ, ಸ್ಥಳದಲ್ಲಿ, ಯಾರೂ ಆಸಕ್ತಿ ತೋರಿರಲಿಲ್ಲ. ನಾನು ಪೆನ್ನು ತೆಗೆದೆ, ಮತ್ತೆ ಕಿಸೆಯಲ್ಲಿಟ್ಟೆ. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಪಂಚನಾಮೆಗೆ ಸಹಿ ಹಾಕಲು ಒಲ್ಲೆ ಎಂದೆ. ಬೇರೆ ಹಾಳೆ ಕೇಳಿ ಇಸಿದುಕೊಂಡು, ಯಾವ ತಿಂಗಳು ಮುಚ್ಚಿರುತ್ತದೆ, ಯಾವ ತಿಂಗಳು ಬಿಚ್ಚಿರುತ್ತದೆ, ಮುಚ್ಚಿದಾಗ ಯಾರು ಹುಟ್ಟುತ್ತಾರೆ, ಬಿಚ್ಚಿದಾಗ ಯಾರು ಮೇಯುತ್ತಾರೆ, ಜಾಲಿಯನ್ನು ಯಾರು ಕೀಳುತ್ತಾರೆ ಎಂದು ಬರೆದೆ. ಹಾಳೆ ಸಾಲದೆ ಹಿಂಬದಿಗೂ ಬರೆದೆ. ಗಡಿಬಿಡಿಯಲ್ಲಿ ಅಕ್ಷರ ಕೆಟ್ಟಿತು.

“ಇದಕ್ಕೆ ನಮೂನೆಯಲ್ಲಿ ಖಾನೆ ಇಲ್ಲವಲ್ಲ” ಎಂದರು ಸಾಹೇಬರು. ಆದರೂ ಮಡಿಚಿ ತಮ್ಮ ಜೇಬಿನಲ್ಲಿಟ್ಟುಕೊಂಡರು, ಕಡತದಲ್ಲಲ್ಲ. ಪೇಡೆಯನ್ನು ಯಾರು ತಿನ್ನಬೇಕೆಂದು ತೋಚದೆ ಜೀಪಿನ ಡ್ರೈವರ್ ತಿಂದ.

ದೀಪಾವಳಿ ಹತ್ತಿರ ಬಂತು. ಆ ಹಾಳೆಯ ಗತಿ ಏನಾಯಿತೋ ತಿಳಿಯಲಿಲ್ಲ. ಮಾವ ಮಕ್ತಲ್ ಸಂತೆಯ ದಲಾಲನಿಗೆ ಪಾಡ್ಯದ ಮರುದಿನ ಬಾ ಎಂದು ಹೇಳಿ ಕಳಿಸಿದ್ದ. ಪಾಡ್ಯದ ದಿನ ಕೊಂಬಿಗೆ ಕೆಮ್ಮಣ್ಣು ಹಚ್ಚಿದ. ಡೊಳ್ಳು ಬೇಡವೆಂದ. ಹಿಂಡು ಗೇಟಿನ ಮುಂದೆ ನಿಂತಿತು.

ಗೇಟಿನ ಕಾವಲುಗಾರ ಪಕ್ಕದ ಊರಿನವನು, ಮೈಲಾರಲಿಂಗನ ಒಕ್ಕಲು, ಅವನ ದೇವರಿಗೂ ಭಂಡಾರವೇ. ಅವನು ನಮ್ಮನ್ನು ನೋಡಲೇ ಇಲ್ಲ ಎಂಬಂತೆ ಆಕಾಶ ನೋಡುತ್ತ, “ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ. ನನಗ ಚಹಾ ಕುಡದು ಬಾ ಅಂತ ಹೇಳ್ಯಾರ” ಎಂದ. ಬೀಗ ತೆಗೆದು ತಂತಿಗೆ ಸಿಕ್ಕಿಸಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ ಕೇಳಿದ: “ಯುಗಾದಿ ತನಕ ಅಂತಲ್ರಿ ನೀವು ಬರದಿದ್ದು?”

“ಹೌದ್ರಿ, ಯುಗಾದಿ ತನಕ” ಎಂದೆ.

“ಹಂಗಾರ ಚಹಾ ಸಾವಕಾಶ ಕುಡೀತೀನಿ.”

ಮಾವ ಹೆಗಲ ಕಂಬಳಿಯಿಂದ ಕುಡುಗೋಲು ತೆಗೆದುಕೊಂಡು ಹಿಂಡಿಗಿಂತ ಮುಂದೆ ಒಳಗೆ ಹೋದ, ಗೇಟಿನ ಹತ್ತಿರವೇ ಎದ್ದಿದ್ದ ಒಂದು ಜಾಲಿಯ ಗಿಡದ ಬುಡಕ್ಕೆ ಕುಕ್ಕರಗಾಲಲ್ಲಿ ಕೂತು ಬೇರಿನ ಸುತ್ತ ಮಣ್ಣು ಕೆದರತೊಡಗಿದ. ಕುರಿಗಳು ಅವನನ್ನು ಬಳಸಿಕೊಂಡು ಒಳಗೆ ಹರಡಿದವು. ಸ್ವಲ್ಪ ಹೊತ್ತು ಕೆದರಿದವನು ತಲೆಯೆತ್ತಿ, “ದಲಾಲಗ ಫೋನ್ ಹಚ್ಚು. ನಾಳೆ ಬರೋದು ಬ್ಯಾಡ ಅಂತ ಹೇಳು” ಎಂದ. ನಾನು ಫೋನ್ ಹಚ್ಚಿದೆ. ಹೇಳಬೇಕಾದದ್ದನ್ನು ಸಕಾಲಕ್ಕೆ ಹೇಳಿದ್ದು ಈ ಪ್ರಕರಣದಲ್ಲಿ ಅದೊಂದೇ ಸಲ.